ಯುದ್ಧಕಾಲದ ಸರಬರಾಜು ಕಾನ್ವಾಯ್‌ಗೆ ಕಾವಲು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಸಿಆರ್‌ಪಿಎಫ್ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು, ಗದಗ-ಹಾವೇರಿ ಕಡೆ ಮಗನನ್ನೋ ಅಳಿಯನನ್ನೋ ಸೈನ್ಯಕ್ಕೆ ಕಳಿಸಿದ ಮನೆಯವರು, ಇತಿಹಾಸದ ಹುಚ್ಚು ಹಿಡಿದವರು: ಮೂರೂ ಬಗೆಯವರು ಕೇಳುವುದು ಹೆಚ್ಚುಕಡಿಮೆ ಇದನ್ನೇ, ಸೈನ್ಯಕ್ಕೆ ಸಾಮಾನು ಒಯ್ಯುವ ಗಾಡಿಸಾಲನ್ನು, ಅಂದರೆ ಕಾನ್ವಾಯನ್ನು, ಕಾಯುವುದು ಹೇಗೆ ಎಂದು. ಇಲ್ಲಿರುವುದೆಲ್ಲ ಬಹಿರಂಗವಾಗಿ ಸಿಗುವ ಸೇನಾ ಇತಿಹಾಸ, ತರಬೇತಿಯ ಸಾಮಾನ್ಯ ತತ್ವ. ಈಗಿನ ಯಾವುದೇ ದಾರಿಯ, ಯಾವುದೇ ತುಕಡಿಯ ವೇಳಾಪಟ್ಟಿ ಇದರಲ್ಲಿಲ್ಲ.

ಗೆರಿಲ್ಲಾಗಳು ಸೈನ್ಯವನ್ನು ಬಿಟ್ಟು ಸಾಮಾನಿನ ಗಾಡಿಗಳ ಮೇಲೇ ಯಾಕೆ ಬೀಳುತ್ತಾರೆ?

ಠಾಣೆಯಲ್ಲಿ ಕೂತ ಸೈನಿಕನ ಕೈಯಲ್ಲಿ ಬಂದೂಕು ಇರುತ್ತದೆ, ಲಾರಿ ಚಾಲಕನ ಎರಡೂ ಕೈ ಸ್ಟೇರಿಂಗ್ ಮೇಲಿರುತ್ತವೆ. ಠಾಣೆಗೆ ಗೋಡೆ ಇದೆ, ಗಾಡಿಸಾಲಿಗೆ ಇಲ್ಲ. ಗಾಡಿ ರಸ್ತೆ ಬಿಟ್ಟು ಹೋಗಲಾರದು, ಹಾಗಾಗಿ ಎಲ್ಲಿ ಕಾಯಬೇಕೆಂಬುದು ಎದುರಾಳಿಗೆ ಮೊದಲೇ ಗೊತ್ತು. ಗೆದ್ದರೆ ಊಟ, ಮದ್ದುಗುಂಡು, ಡೀಸೆಲ್ ಎಲ್ಲ ಒಟ್ಟಿಗೆ ಸಿಗುತ್ತದೆ. 1900ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ ವಾಟರ್‌ವಾಲ್ ಡ್ರಿಫ್ಟ್‌ನಲ್ಲಿ ಬೋಯರ್ (ಅಲ್ಲಿ ನೆಲೆಸಿದ ಡಚ್ ಮೂಲದವರು) ಸೇನಾನಿ ಡಿ ವೆಟ್ ಬ್ರಿಟಿಷರ ಸುಮಾರು 180 ಸರಕಿನ ಬಂಡಿಗಳನ್ನು ಹೀಗೆಯೇ ಕೈವಶ ಮಾಡಿಕೊಂಡ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಕಳೆದುಕೊಂಡದ್ದು 147 ಟ್ಯಾಂಕ್. ಲಾರಿ ಮತ್ತು ಇಂಧನದ ಟ್ಯಾಂಕರ್‌ಗಳ ಲೆಕ್ಕ ಮಾತ್ರ 11,369. ಆ ಯುದ್ಧದ ಭಾರ ಯಾರ ಮೇಲೆ ಬಿದ್ದಿತ್ತು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ನಮ್ಮ ಸೀಮೆಯಲ್ಲಿ ಇಂಥದ್ದು ನಡೆದಿದೆಯೇ?

ಬೇಕಾದಷ್ಟು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬಂಡೆದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ದಂಡಯಾತ್ರೆ ಪೂರ್ತಿ ನಮ್ಮ ಎರಿಭೂಮಿಯಲ್ಲೇ ನಡೆದದ್ದು. ಜೂನ್ ಕೊನೆಗೆ ತುಂಗಭದ್ರೆ ದಾಟಿ ರಾಣೇಬೆನ್ನೂರು ಕೋಟೆ ಹಿಡಿದ, ಸವಣೂರು, ಕುಂದಗೋಳದ ಮೇಲೆ ಸಾಗಿ ಜುಲೈ 26ಕ್ಕೆ ಡಂಬಳ ತೆಗೆದುಕೊಂಡ. ಧೋಂಡಿಯಾನದು ಹಗುರ ಕುದುರೆ ದಂಡು, ಬೇಕೆಂದಾಗ ಮಾಯ. ವೆಲ್ಲೆಸ್ಲಿಯ ಹಿಂದೆ ಕಂಪನಿಯ ಎತ್ತುಗಳು, ಲಂಬಾಣಿ ವ್ಯಾಪಾರಿಗಳ ದವಸದ ಹೇರೆತ್ತುಗಳು, ಮೇಲೆ ಮಳೆಗಾಲ. ಎರಿ ಮಣ್ಣು ನೆನೆದಾಗ ಎತ್ತಿನ ಕಾಲು ಎಷ್ಟು ಹೂಳುತ್ತದೆಂದು ನವಲಗುಂದದವರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಅವನು ಕುದುರೆಯ ಹಿಂದೆ ಸುಮ್ಮನೆ ಓಡದೆ ಕೋಟೆಗಳನ್ನು ಒಂದೊಂದಾಗಿ ಹಿಡಿದ, ಬೆನ್ನ ಹಿಂದಿನ ದಾರಿ ತನ್ನ ಕೈಯಲ್ಲಿರುವಂತೆ ನೋಡಿಕೊಂಡ. ಜುಲೈ 30ರಂದು ಮಲಪ್ರಭೆಯ ದಂಡೆಯಲ್ಲಿ, ಮುನವಳ್ಳಿ ಹತ್ತಿರ, ಧೋಂಡಿಯಾನ ಸಾಮಾನು ಸರಂಜಾಮಿನ ಬಿಡಾರವನ್ನೇ ಹೊಡೆದ. ಗೆರಿಲ್ಲಾಗೂ ಹೊಟ್ಟೆ ಇರುತ್ತದೆ, ಅವನ ಸರಬರಾಜು ಕಡಿದರೆ ನಿಮ್ಮದು ತಾನಾಗಿ ಉಳಿಯುತ್ತದೆ. ಸೆಪ್ಟೆಂಬರ್ 10ಕ್ಕೆ ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತ. ಹತ್ತು ವರ್ಷ ಕಳೆದು ಇದೇ ವೆಲ್ಲೆಸ್ಲಿ ಸ್ಪೇನ್‌ನಲ್ಲಿ ಫ್ರೆಂಚರ ವಿರುದ್ಧ ಕಾದುತ್ತಿದ್ದಾಗ ಪಾತ್ರ ಅದಲುಬದಲಾಗಿತ್ತು: ಸ್ಪೇನಿನ ಗೆರಿಲ್ಲಾಗಳು ಫ್ರೆಂಚ್ ಕಾನ್ವಾಯ್‌ಗಳನ್ನು ಕೊಳ್ಳೆ ಹೊಡೆಯುತ್ತಿದ್ದರು, 1811ರ ಮೇ 25ರಂದು ಅರ್ಲಬಾನ್ ಕಣಿವೆಯಲ್ಲಾದಂತೆ. ಅದರ ಲಾಭ ವೆಲ್ಲೆಸ್ಲಿಗೆ.

ಆಮೇಲಿನವು ಸರಬರಾಜಿಗಿಂತ ಖಜಾನೆ, ಟಪಾಲಿನ ಮೇಲಿನ ದಾಳಿಗಳು. ಸಂಗೊಳ್ಳಿ ರಾಯಣ್ಣ, 1858ರಲ್ಲಿ ಮುಂಡರಗಿ ಭೀಮರಾಯ, 1942ರ ನಂತರ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಮಹಾದೇವಪ್ಪನವರ ತಂಡ ರೈಲು ನಿಲ್ದಾಣ, ಅಂಚೆ ಚೀಲ, ಕಂದಾಯದ ಹಣಕ್ಕೆ ಕೈಹಾಕಿತು; 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದರು. ಅಂದರೆ ಈ ಪುಟದ ವಿಷಯವನ್ನು ನಮ್ಮವರು ಹೆಚ್ಚಾಗಿ ಕಂಡದ್ದು ಹೊಂಚು ಕೂತವರ ಕಡೆಯಿಂದ.

ಒಂದು ಕಾನ್ವಾಯ್ ಎಷ್ಟು ಉದ್ದ ಇರುತ್ತದೆ?

ಲೆಕ್ಕ ಹಾಕಿ. 60 ಲಾರಿ, ಒಂದೊಂದು 10 ಮೀಟರ್, ಎರಡರ ನಡುವೆ 100 ಮೀಟರ್ ಅಂತರ. 60 × 110 = 6,600 ಮೀಟರ್. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ನಾಲ್ಕು ಸಲ ಅಳೆದರೂ ಇನ್ನೂ ಅರ್ಧ ಕಿ.ಮೀ. ಬಾಕಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಡೀ ಸಾಲು ಒಂದು ಮೋರಿ ದಾಟಲು 13 ನಿಮಿಷ ಬೇಕು. ಮೊದಲ ಗಾಡಿಗೆ ಗುಂಡು ಬಿದ್ದರೆ ಕೊನೆಯ ಗಾಡಿಯವನಿಗೆ ಸದ್ದು ಕೂಡ ಕೇಳದಿರಬಹುದು. ರೇಡಿಯೋ ಇಲ್ಲದ ಕಾನ್ವಾಯ್ ಕಾನ್ವಾಯ್ ಅಲ್ಲ, ಒಂದೇ ದಾರಿ ಹಿಡಿದ 60 ಲಾರಿಗಳು ಅಷ್ಟೇ.

ಇದಕ್ಕಾಗಿ ಉದ್ದ ಸಾಲನ್ನು ಹತ್ತು-ಹನ್ನೆರಡು ಗಾಡಿಗಳ ಪ್ಯಾಕೆಟ್‌ಗಳಾಗಿ ಒಡೆಯುತ್ತಾರೆ. ಹತ್ತರಂತೆ ಆರು ಪ್ಯಾಕೆಟ್, ನಡುವೆ ಐದೈದು ನಿಮಿಷ ಬಿಟ್ಟರೆ ಒಂದು ಹೊಂಚಿನಲ್ಲಿ ಸಿಕ್ಕುವುದು ಒಂದೇ ಪ್ಯಾಕೆಟ್, ಉಳಿದವು ಎರಡೂವರೆ ಕಿ.ಮೀ. ಹಿಂದೆಯೇ ನಿಲ್ಲಬಹುದು. ಆದರೆ ಪುಕ್ಕಟೆ ಅಲ್ಲ: 13 ನಿಮಿಷದಲ್ಲಿ ದಾಟುತ್ತಿದ್ದ ಮೋರಿಯನ್ನು ಈಗ ಕಾವಲುಗಾರರು 38 ನಿಮಿಷ ಕಾಯಬೇಕು, ಪ್ರತಿ ಪ್ಯಾಕೆಟ್‌ಗೂ ಬೇರೆ ಬೆಂಗಾವಲು ಬೇಕು.

ಗಾಡಿಗಳು ಒತ್ತೊತ್ತಾಗಿ ಹೋದರೆ ಬಲ ಹೆಚ್ಚಲ್ಲವೇ?

ಇಲ್ಲ. ಒಂದೇ ಸ್ಫೋಟಕ್ಕೆ ಎರಡು ಗಾಡಿ ಸಿಕ್ಕಬಾರದು. ಬಯಲಲ್ಲಿ 50ರಿಂದ 100 ಮೀಟರ್ ಅಂತರ ಅದಕ್ಕೇ. ಪೇಟೆಯೊಳಗೆ ಮಾತ್ರ ಹತ್ತಿರ ಬರುತ್ತಾರೆ, ಇಲ್ಲವಾದರೆ ಆಟೋ, ಬೈಕು ನಡುವೆ ನುಗ್ಗುತ್ತವೆ.

ಕಾಗದದ ಮೇಲೆ ಸರಳ, ರಸ್ತೆಯಲ್ಲಿ ಕೆಡುವುದು ಇದೇ. ಮುಂದಿನ ಗಾಡಿ ಗುಂಡಿಯಲ್ಲಿ ನಿಧಾನ ಮಾಡಿದರೆ ಹಿಂದಿನವರೆಲ್ಲ ಮುದ್ದೆಯಾಗುತ್ತಾರೆ, ಗುಂಡಿ ದಾಟಿದ ಮೇಲೆ ಕೊನೆಯವನು ಜೀವ ಬಿಟ್ಟು ಓಡಿಸುತ್ತಾನೆ. ತಲೆ 30ರಲ್ಲಿದ್ದರೆ ಬಾಲ 60ರಲ್ಲಿ. ಮದ್ದು: ಅತಿ ಭಾರದ, ಅತಿ ನಿಧಾನದ ಲಾರಿಯನ್ನು ಮುಂಭಾಗದಲ್ಲೇ ಇಟ್ಟು ಅದರ ವೇಗಕ್ಕೆ ಎಲ್ಲರನ್ನೂ ಕಟ್ಟುವುದು, ಬೆನ್ನುಹತ್ತುವ ವೇಗಕ್ಕೆ ಮಿತಿ ಹಾಕುವುದು, ನಡೆಯುವ ವೇಗ 30 ಇದ್ದರೆ ಇದು 40, ಅಡ್ಡಿ ದಾಟಿದ ಮೇಲೆ ಮುಂದಿನವನು ಬೇಕೆಂದೇ ತಡೆದು ಹೋಗುವುದು.

ರೋಡ್ ಓಪನಿಂಗ್ ಪಾರ್ಟಿ ಎಂದರೇನು? ಅವರು ಬೆಳಗ್ಗೆ ರಸ್ತೆಯಲ್ಲಿ ಮಾಡುವುದೇನು?

ಇಡೀ ವಿಷಯದ ಜೀವ ಇಲ್ಲಿದೆ. ಬೆಂಗಾವಲು ಗಾಡಿಯ ಮೆಷಿನ್ ಗನ್ ಕಣ್ಣಿಗೆ ಕಾಣುತ್ತದೆ, ಫೋಟೊಕ್ಕೂ ಚೆಂದ. ಆದರೆ ಹೆಚ್ಚಿನ ಜೀವ ಉಳಿಸುವುದು ಗಾಡಿ ಹೊರಡುವ ಮೊದಲು ರಸ್ತೆಗುಂಟ ನಡೆದು ಹೋದವರು. ಅವರೇ ರೋಡ್ ಓಪನಿಂಗ್ ಪಾರ್ಟಿ.

ಕಾಶ್ಮೀರದಲ್ಲಿ, ಮಾವೋವಾದಿ ಪ್ರದೇಶಗಳಲ್ಲಿ ಕಾನ್ವಾಯ್ ದಿನ ಬೆಳಕು ಹರಿಯುತ್ತಲೇ ತಂಡಗಳು ಹೊರಬೀಳುತ್ತವೆ. ಮೊದಲು ಎರಡೂ ಪಕ್ಕದ ದಿಬ್ಬ, ಮರಡಿ, ತೋಪುಗಳನ್ನು ಹಿಡಿಯುವವರು, ಆಮೇಲೆ ರಸ್ತೆ ನೋಡುವವರು. ಈ ಕ್ರಮ ತಿರುವುಮುರುವಾದರೆ ರಸ್ತೆ ನೋಡುವವರೇ ಗುರಿಯಾಗುತ್ತಾರೆ. ಪಕ್ಕದವರು ರಸ್ತೆಯಿಂದ ಸಾಕಷ್ಟು ಒಳಗೆ, ಸ್ಫೋಟಿಸುವವನು ಕೂರಬಹುದಾದ ಜಾಗದ ಹೊರಗಿಂದ ಬರಬೇಕು. ಸಲೀಸು ದಾರಿಯ ಆಸೆಗೆ ರಸ್ತೆಯ ಅಂಚಿನಲ್ಲೇ ನಡೆದರೆ ಅದು ವಾಕಿಂಗ್, ಕಾವಲಲ್ಲ.

ರಸ್ತೆ ನೋಡುವವರ ಕಣ್ಣು ಇರುವುದು ಮೋರಿಗಳ ಮೇಲೆ, ಹೊಸದಾಗಿ ಹಾಕಿದ ಡಾಂಬರು ತೇಪೆಯ ಮೇಲೆ, ಬಣ್ಣ ಬೇರೆಯಾದ ಮಣ್ಣಿನ ಮೇಲೆ, ಹೊಲದತ್ತ ಹೋದ ತಂತಿಯ ಮೇಲೆ, ನಿನ್ನೆ ಇಲ್ಲದ ಕಲ್ಲುಗುಂಪು, ಸತ್ತ ದನ, ಕೆಟ್ಟು ನಿಂತ ಗಾಡಿಯ ಮೇಲೆ. ಲೋಹಶೋಧಕ ಇದೆ, ಆದರೆ ಪ್ಲಾಸ್ಟಿಕ್ ಡಬ್ಬಿಗೆ ಅದು ಕುರುಡು. ವಾಸನೆ ಹಿಡಿಯುವ ನಾಯಿ ಇದೆ, ಆದರೆ ಬಿಸಿಲೇರಿದರೆ ಬೇಗ ದಣಿಯುತ್ತದೆ, ದಣಿದ ನಾಯಿ ತಪ್ಪು ಹೇಳುತ್ತದೆ. ಎಲ್ಲಕ್ಕಿಂತ ನಂಬಿಕೆಯ ಉಪಕರಣ, ಅದೇ ರಸ್ತೆಯನ್ನು ತಿಂಗಳುಗಟ್ಟಲೆ ನೋಡಿ ಇವತ್ತು ಏನೋ ಬದಲಾಗಿದೆ ಎನ್ನಬಲ್ಲ ಜವಾನ. ಬೇಸರವೇ ಅವನ ಶತ್ರು. ಮುನ್ನೂರು ದಿನ ಏನೂ ಸಿಗದಿದ್ದರೆ ಮುನ್ನೂರ ಒಂದನೇ ದಿನ ಯಾರಿಗಾದರೂ ಕಣ್ಣು ಮಂಕಾಗುತ್ತದೆ. ಹಾಗಾಗಿ ಪಾಳಿ ಬದಲಿಸುತ್ತಾರೆ, ನಕಲಿ ವಸ್ತು ಇಟ್ಟು ಪರೀಕ್ಷೆ ಮಾಡುತ್ತಾರೆ.

ಜನ ಎಷ್ಟು ಬೇಕು? ಕಿಲೋಮೀಟರಿಗೆ ಹತ್ತು ಜನರ ಒಂದು ಪಿಕೆಟ್, ಅಂದರೆ ಕಾವಲು ತುಕಡಿ, ಎಂದಿಟ್ಟುಕೊಂಡರೂ 40 ಕಿ.ಮೀ.ಗೆ 400 ಜನ, ಅದೂ ಒಂದು ಪಾಳಿಗೆ. ಕೊನೆಯ ಗಾಡಿ ದಾಟಿ, ತಿರುಗಿ ಬರುವ ಖಾಲಿ ಗಾಡಿಗಳೂ ದಾಟುವ ತನಕ ಅವರು ಏಳುವಂತಿಲ್ಲ. ವಾಪಸ್ ದಾರಿಯ ಅಪಾಯ ಸಣ್ಣದಲ್ಲ. 2023ರ ಏಪ್ರಿಲ್ 26ರಂದು ಛತ್ತೀಸಗಡದ ಅರನ್‌ಪುರದ ಬಳಿ 10 ಡಿಆರ್‌ಜಿ (ಅಲ್ಲಿನ ಪೊಲೀಸರ ಡಿಸ್ಟ್ರಿಕ್ಟ್ ರಿಸರ್ವ್ ಗಾರ್ಡ್) ಜವಾನರು ಮತ್ತು ಚಾಲಕ, 2025ರ ಜನವರಿ 6ರಂದು ಅದೇ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿ 8 ಜವಾನರು ಮತ್ತು ಚಾಲಕ ಸತ್ತರು. ಎರಡೂ ಸಲ ಅವರು ಕಾರ್ಯಾಚರಣೆ ಮುಗಿಸಿ ವಾಪಸ್ ಬರುತ್ತಿದ್ದರು. ಹೋಗುವಾಗಿನ ಎಚ್ಚರ ಬರುವಾಗ ಇಟ್ಟುಕೊಳ್ಳುವುದು ಕಷ್ಟ, ದಾಳಿ ಮಾಡುವವನಿಗೂ ಇದು ಗೊತ್ತು.

ಸಾಲಿನಲ್ಲಿ ಯಾವ ಗಾಡಿ ಎಲ್ಲಿ?

ಮುಂದೆ ಒಂದಷ್ಟು ದೂರದಲ್ಲಿ ನೋಟಗಾರ ಗಾಡಿ. ಅದರ ಹಿಂದೆ ಸ್ಫೋಟ ತಡೆಯುವ ಭಾರಿ ಗಾಡಿ. ಕಮಾಂಡರ್ ಮೊದಲನೆಯದರಲ್ಲಿ ಕೂರುವುದಿಲ್ಲ, ಮುಂಭಾಗದ ಮೂರನೇ ಒಂದು ಭಾಗದಲ್ಲಿ ಎಲ್ಲೋ ಇರುತ್ತಾನೆ. ಅವನ ಉಪನಾಯಕ ಹಿಂಭಾಗದಲ್ಲಿ. ಇಬ್ಬರೂ ಒಂದೇ ಗಾಡಿಯಲ್ಲಿ ಕೂತರೆ ಒಂದೇ ಸ್ಫೋಟಕ್ಕೆ ಕಾನ್ವಾಯ್ ತಲೆ ಇಲ್ಲದಂತಾಗುತ್ತದೆ. ಇಂಧನದ ಟ್ಯಾಂಕರ್ ಮತ್ತು ಮದ್ದುಗುಂಡಿನ ಲಾರಿ ಅಕ್ಕಪಕ್ಕ ಬರಬಾರದು, ಜನ ಕೂತ ಗಾಡಿಯ ಪಕ್ಕ ಎರಡೂ ಬರಬಾರದು. ಒಂದೇ ಬಗೆಯ ಸಾಮಾನು ಒಂದೇ ಪ್ಯಾಕೆಟ್‌ನಲ್ಲಿ ತುಂಬಬಾರದು: ಆ ಪ್ಯಾಕೆಟ್ ಹೋದರೆ ಮುಂದಿನ ಠಾಣೆಗೆ ಹಿಟ್ಟು ಇದೆ, ಸೀಮೆಎಣ್ಣೆ ಇಲ್ಲ ಎಂದಾಗುತ್ತದೆ. ಆಂಬ್ಯುಲೆನ್ಸ್, ರಿಕವರಿ ಗಾಡಿ ಹಿಂದೆ, ಅವುಗಳ ಹಿಂದೆಯೂ ಒಂದು ಬೆಂಗಾವಲು.

ಒಂದಕ್ಕೊಂದು ಎಳೆಯಲು ಟೋ ಬಾರ್ ಪ್ರತಿ ಪ್ಯಾಕೆಟ್‌ನಲ್ಲೂ ಇರಬೇಕು. ಪಂಕ್ಚರ್ ಆದ ಒಂದು ಲಾರಿ 59 ಲಾರಿಗಳನ್ನು ನಿಲ್ಲಿಸಬಾರದು. ನಿಗದಿತ ಕೆಲ ನಿಮಿಷದೊಳಗೆ ಸರಿಯಾಗದಿದ್ದರೆ ಎಳೆಯುವುದು, ಎಳೆಯಲಾಗದಿದ್ದರೆ ಸಾಮಾನು ಬೇರೆಯದಕ್ಕೆ ಹಾಕುವುದು, ಅದೂ ಆಗದಿದ್ದರೆ ಗಾಡಿ ಬಿಡುವುದು. ಈ ತೀರ್ಮಾನ ಹೊರಡುವ ಮೊದಲೇ ಆಗಿರುತ್ತದೆ, ರಸ್ತೆಯಲ್ಲಿ ನಿಂತು ಚರ್ಚೆ ಇಲ್ಲ.

ಹೊಂಚು ದಾಳಿ ಆದಾಗ ಮೊದಲು ಏನು ಮಾಡುತ್ತಾರೆ?

ರಸ್ತೆ ತೆರೆದಿದ್ದರೆ ನಿಲ್ಲುವುದಿಲ್ಲ. ಗುಂಡು ಬೀಳುವ ಜಾಗವನ್ನು ದಾಳಿಕೋರ ಅಳೆದು ಆರಿಸಿಕೊಂಡಿರುತ್ತಾನೆ, ಅಲ್ಲಿ ನಿಂತಷ್ಟು ಹೊತ್ತೂ ಅವನದೇ ಲೆಕ್ಕ. ಒಳಗೆ ಸಿಕ್ಕ ಗಾಡಿಗಳು ಗುಂಡು ಹಾರಿಸುತ್ತ ದಾಟಿಬಿಡಬೇಕು. ಇನ್ನೂ ಒಳಹೊಗದ ಗಾಡಿಗಳು ನಿಂತು ಹಿಂದೆ ಸರಿಯಬೇಕು, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನುಗ್ಗಬಾರದು. ಕೆಟ್ಟ ಗಾಡಿ ದಾರಿ ಕಟ್ಟಿದ್ದರೆ ಹಿಂದಿನ ಭಾರಿ ಗಾಡಿ ಅದನ್ನು ತಳ್ಳಿ ಬದಿಗೆ ಹಾಕುತ್ತದೆ.

ದಾರಿ ಪೂರ್ತಿ ಕಟ್ಟಿಹೋಗಿದ್ದರೆ ಕಥೆ ಬೇರೆ. ಹೊಗೆ ಬಾಂಬ್ ಹಾಕಿ, ಗಾಡಿಯಿಂದ ಇಳಿದು, ಗುಂಡು ಬರುವ ದಿಕ್ಕಿಗೆ ಒಮ್ಮೆಲೇ ತಿರುಗಿ ಹೊಡೆಯುವುದು. ಎದುರು ಬದಿಯ ಚರಂಡಿ ಆಸರೆಯಂತೆ ಕಾಣುತ್ತದೆ, ಅಲ್ಲೇ ಎರಡನೇ ಬಲೆ ಹಾಸಿರುವುದೂ ಉಂಟು. ಬೆಂಗಾವಲು ಪಡೆ ಎದುರಿನಿಂದಲ್ಲ, ಪಕ್ಕದಿಂದ ಸುತ್ತಿ ಬಂದು ಹೊಂಚಿನ ಸಾಲನ್ನು ಒಡೆಯಲು ನೋಡುತ್ತದೆ. ರೇಡಿಯೋದಲ್ಲಿ ಹೋಗಬೇಕಾದದ್ದು ಮೂರೇ ಮಾತು: ಎಲ್ಲಿ, ಯಾವ ಕಡೆಯಿಂದ, ರಸ್ತೆ ತೆರೆದಿದೆಯೋ ಕಟ್ಟಿದೆಯೋ. ಉದ್ದ ವರ್ಣನೆ ಆಮೇಲೆ.

ಲಾರಿಗೆ ತಗಡು ಹೊಡೆದು ಗನ್ ಕೂರಿಸಿದ ಗಾಡಿಗಳು ನಿಜವಾಗಿಯೂ ಇದ್ದವೇ?

ಇದ್ದವು, ಹುಟ್ಟಿದ ದಿನವೂ ಗೊತ್ತಿದೆ. ವಿಯೆಟ್ನಾಂನ 19ನೇ ನಂಬರ್ ರಸ್ತೆಯಲ್ಲಿ 1954ರ ಜೂನ್ 24ರಂದು ಆನ್ ಖೆ ಹತ್ತಿರ ಫ್ರೆಂಚರ ಇಡೀ ಒಂದು ಸಂಚಾರಿ ಪಡೆ ಹೊಂಚಿನಲ್ಲಿ ಸಿಕ್ಕು ನುಚ್ಚುನೂರಾಗಿತ್ತು. ಹದಿಮೂರು ವರ್ಷದ ಮೇಲೆ ಅದೇ ರಸ್ತೆಯಲ್ಲಿ ಅಮೆರಿಕನ್ ಲಾರಿಗಳು ಓಡುತ್ತಿದ್ದವು. 1967ರ ಸೆಪ್ಟೆಂಬರ್ 2ರಂದು ಹತ್ತೇ ನಿಮಿಷದೊಳಗೆ ಸುಮಾರು 30 ಲಾರಿ ಹಾಳಾದವು, 7 ಜನ ಸತ್ತರು, 17 ಜನಕ್ಕೆ ಗಾಯ. ಆಮೇಲೆ ಸಾಗಣೆ ಪಡೆಯವರು ಮೇಲಿನವರಿಗಾಗಿ ಕಾಯದೆ ತಮ್ಮ ಲಾರಿಗಳಿಗೇ ಮರಳು ಚೀಲ ಪೇರಿಸಿದರು. ಮಳೆಯಲ್ಲಿ ಚೀಲ ನೆನೆದು ಭಾರವಾಗಿ ಲಾರಿ ಕುಂಟತೊಡಗಿತು, ಆಗ ಉಕ್ಕಿನ ಹಲಗೆ ಬಂತು. ಎರಡೂವರೆ ಟನ್ನಿನದು ಸಾಲದೆ ಐದು ಟನ್ನಿನ ಲಾರಿ ಬಂತು. ಸುಮಾರು ಹತ್ತು ಸಾಮಾನಿನ ಲಾರಿಗೆ ಒಂದು ಗನ್ ಟ್ರಕ್ ಎಂಬುದು ಅವರ ಲೆಕ್ಕ. ರಸ್ತೆಯ ಎರಡೂ ಬದಿಯ ಕಾಡನ್ನು ದೊಡ್ಡ ಬುಲ್ಡೋಜರ್‌ಗಳು ಬೋಳಿಸಿದವು, ಅದರ ಪಾಲನ್ನೂ ಮರೆಯಬಾರದು.

ಸೋವಿಯತ್‌ರು ಅಫ್ಘಾನಿಸ್ತಾನದಲ್ಲಿ ಎರಡು ನಳಿಗೆಯ 23 ಮಿ.ಮೀ. ವಿಮಾನ ನಿರೋಧಕ ಗನ್‌ಗಳನ್ನು ಲಾರಿಗಳ ಮೇಲೆ ಕೂರಿಸಿದರು. ಎದುರಾಳಿಯ ಹತ್ತಿರ ವಿಮಾನ ಇರಲಿಲ್ಲ, ಮತ್ಯಾಕೆ? ಗುಂಡು ಬರುತ್ತಿದ್ದದ್ದು ತಲೆಯ ಮೇಲಿನ ಕೋಡುಗಲ್ಲಿನಿಂದ, ಟ್ಯಾಂಕಿನ ತೋಪು ಅಷ್ಟು ಮೇಲೆ ಏಳುವುದಿಲ್ಲ.

ಮೈನ್ ನಿರೋಧಕ ಗಾಡಿ ಇದ್ದರೆ ಸಾಕಲ್ಲವೇ?

ಸಾಲದು. ರೊಡೇಷಿಯಾ, ದಕ್ಷಿಣ ಆಫ್ರಿಕಾದ ಯುದ್ಧಗಳಲ್ಲಿ ಬೆಳೆದ ಈ ಗಾಡಿಗಳ ಗುಟ್ಟು ತಳದ ಆಕಾರ: ದೋಣಿಯಂತೆ ಕೆಳಗೆ ಚೂಪು, ಸ್ಫೋಟದ ಒತ್ತಡ ಎರಡೂ ಬದಿಗೆ ಜಾರಿಹೋಗುತ್ತದೆ. ನೆಲದಿಂದ ಎತ್ತರ, ಬೆಲ್ಟ್ ಕಟ್ಟಿದ ಆಸನ. ದಕ್ಷಿಣ ಆಫ್ರಿಕಾದ ಕ್ಯಾಸ್ಪಿರ್ ನಮ್ಮ ಸೇನೆಗೂ ಬಂತು, ಮೇದಕ್‌ನ ಕಾರ್ಖಾನೆ ಆದಿತ್ಯ ಎಂಬುದನ್ನು ಮಾಡಿತು.

ಆದರೆ ಯಾವ ತಳಕ್ಕೂ ಒಂದು ಮಿತಿ ಇದೆ. ಗಾಡಿ ಗಟ್ಟಿಯಾದಷ್ಟೂ ಎದುರಾಳಿ ಮದ್ದು ಹೆಚ್ಚಿಸುತ್ತಾನೆ. ಎತ್ತರದ ಗಾಡಿ ಕಚ್ಚಾ ದಾರಿಯಲ್ಲಿ ಪಲ್ಟಿ ಹೊಡೆಯುತ್ತದೆ. ಒಳಗೆ ಬೆಲ್ಟ್ ಕಟ್ಟದವನು ಸ್ಫೋಟಕ್ಕಲ್ಲ, ಚಾವಣಿಗೆ ತಲೆ ಬಡಿದು ಸಾಯುತ್ತಾನೆ. ನಮಗೆ ಕಾಣುವ ದೊಡ್ಡ ಕೇಡು ಮನಸ್ಸಿನದು: ಗಟ್ಟಿ ಗಾಡಿ ಸಿಕ್ಕ ಮೇಲೆ ರಸ್ತೆ ನೋಡುವ ಕೆಲಸ ಸಡಿಲವಾಗುತ್ತದೆ. ನಕ್ಸಲ್ ಪ್ರದೇಶಗಳಲ್ಲಿ ಅನುಭವಿಗಳು ಗಾಡಿ ಬಿಟ್ಟು ಕಾಲ್ನಡಿಗೆಯಲ್ಲೇ ಹೋಗಲು ಒತ್ತಾಯಿಸುವುದು ಇದಕ್ಕೇ.

ಜ್ಯಾಮರ್?

ರೇಡಿಯೋದಿಂದ, ಮೊಬೈಲ್‌ನಿಂದ ಸಿಡಿಸುವುದನ್ನು ತಡೆಯುತ್ತದೆ. ತಂತಿಯಿಂದ, ಒತ್ತಡದಿಂದ ಸಿಡಿಯುವುದನ್ನು ತಡೆಯುವುದಿಲ್ಲ. ಕೆಲವೊಮ್ಮೆ ನಮ್ಮದೇ ರೇಡಿಯೋವನ್ನೂ ಕೆಡಿಸುತ್ತದೆ.

ಪುಲ್ವಾಮಾದಲ್ಲಿ ಆದದ್ದು ಏನು?

ಅದು ಸಾಮಾನಿನದಲ್ಲ, ಜವಾನರ ಕಾನ್ವಾಯ್; ಆದರೂ ಪಾಠ ಒಂದೇ. ಹಿಮದಿಂದ ಹೆದ್ದಾರಿ ಮುಚ್ಚಿ ಜಮ್ಮುವಿನಲ್ಲಿ ಜನ ಉಳಿದುಕೊಂಡರು. ದಾರಿ ತೆರೆದಾಗ, 2019ರ ಫೆಬ್ರುವರಿ 14ರಂದು, ಸಾಮಾನ್ಯವಾಗಿ ಸಾವಿರದಷ್ಟಿರುವ ಕಾನ್ವಾಯ್‌ನಲ್ಲಿ 2,500ಕ್ಕೂ ಹೆಚ್ಚು ಜನ, 78 ಗಾಡಿ. ರಸ್ತೆಯಲ್ಲಿ ಖಾಸಗಿ ವಾಹನಗಳಿಗೂ ಅವಕಾಶವಿತ್ತು, ಅವುಗಳಲ್ಲೊಂದು ಸ್ಫೋಟಕ ತುಂಬಿಕೊಂಡು ಬಸ್ಸಿಗೆ ಬಡಿಯಿತು. 40 ಜವಾನರು ಹುತಾತ್ಮರಾದರು. ರಸ್ತೆ ಎಷ್ಟೇ ಚೆನ್ನಾಗಿ ನೋಡಿದ್ದರೂ ಉರುಳುತ್ತ ಬರುವ ಬಾಂಬನ್ನು ಬೆಳಗಿನ ಶೋಧ ಹಿಡಿಯಲಾರದು.

ಆಮೇಲೆ ಜವಾನರಿಗೆ ಜಮ್ಮು-ಶ್ರೀನಗರ, ದೆಹಲಿ-ಶ್ರೀನಗರ ನಡುವೆ ವಿಮಾನ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿತು. ಏಪ್ರಿಲ್‌ನಿಂದ ಕೆಲ ವಾರ ಭಾನುವಾರ, ಬುಧವಾರ ಬೆಳಗಿನ 4ರಿಂದ ಸಂಜೆ 5ರವರೆಗೆ ಹೆದ್ದಾರಿಯಲ್ಲಿ ಸಾರ್ವಜನಿಕ ಸಂಚಾರ ನಿಲ್ಲಿಸಿದರು. ರಸ್ತೆ ಖಾಲಿಯಾದದ್ದು ಲಾಭ. ವಾರ, ವೇಳೆ ಎಲ್ಲರಿಗೂ ತಿಳಿದದ್ದು, ಅಲ್ಲಿನ ಜನರ ಆಸ್ಪತ್ರೆ, ಮದುವೆ, ಪರೀಕ್ಷೆ ಕೆಟ್ಟದ್ದು ನಷ್ಟ. ಎರಡು ಕ್ರಮಗಳಲ್ಲಿ ವಿಮಾನದ್ದೇ ನಮಗೆ ಹೆಚ್ಚು ಸರಿ ಕಾಣುತ್ತದೆ: ರಸ್ತೆಯ ಮೇಲಿನ ಜನರನ್ನೇ ಕಡಿಮೆ ಮಾಡುವುದು.

ಹಾಗಿದ್ದರೆ ಎಲ್ಲವನ್ನೂ ಹೆಲಿಕಾಪ್ಟರ್‌ನಲ್ಲಿ ಸಾಗಿಸಬಾರದೇಕೆ?

ತೂಕ. ಔಷಧಿ, ಗಾಯಾಳು, ತುರ್ತು ಮದ್ದುಗುಂಡಿಗೆ ಸರಿ. ಡೀಸೆಲ್, ಸಿಮೆಂಟು, ನೀರಿಗೆ ಆಗದು. 1987ರ ಕೊನೆಯಲ್ಲಿ ಮುತ್ತಿಗೆಯಲ್ಲಿದ್ದ ಖೋಸ್ತ್ ಪಟ್ಟಣಕ್ಕೆ ವಿಮಾನದಿಂದ ಸಾಗಿಸುತ್ತಿದ್ದದ್ದು ಸಾಲದೆ, ಗರ್ದೇಜ್‌ನಿಂದ ರಸ್ತೆ ತೆರೆಯಲು ಸೋವಿಯತ್‌ರು ಒಂದು ದೊಡ್ಡ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು.

ಅದಕ್ಕಿಂತ ಒಳ್ಳೆಯ ದಾರಿ ಬೇಡಿಕೆಯನ್ನೇ ಇಳಿಸುವುದು. ಠಾಣೆಯಲ್ಲೇ ಬೋರ್‌ವೆಲ್ ಹೊಡೆದರೆ ನೀರಿನ ಟ್ಯಾಂಕರ್ ತಪ್ಪುತ್ತದೆ, ಸೋಲಾರ್ ಹಾಕಿದರೆ ಜನರೇಟರಿನ ಡೀಸೆಲ್ ಕಡಿಮೆಯಾಗುತ್ತದೆ, ಮಳೆ ಅಥವಾ ಹಿಮಕ್ಕೆ ಮುಂಚೆ ದಾಸ್ತಾನು ಮಾಡಿಟ್ಟರೆ ಅವಸರದ ಕಾನ್ವಾಯ್ ತಪ್ಪುತ್ತದೆ. ಬೆಂಗಾವಲು ಗಾಡಿಗಳೂ ಡೀಸೆಲ್ ಕುಡಿಯುತ್ತವೆ, ಅವರ ಡೀಸೆಲ್ ತರಲು ಇನ್ನೊಂದು ಟ್ಯಾಂಕರ್, ಅದಕ್ಕೂ ಬೆಂಗಾವಲು. ಈ ಸುಳಿಯಿಂದ ಹೊರಬರಲು ಬೇರೆ ಉಪಾಯವಿಲ್ಲ.

ರೈಲಿನಲ್ಲಿ?

ಎಂಜಿನ್ನಿನ ಮುಂದೆ ಮರಳು ತುಂಬಿದ ವ್ಯಾಗನ್ ತಳ್ಳಿಕೊಂಡು ಹೋಗುವುದು ಹಳೆಯ ಉಪಾಯ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ರಷ್ಯಾದಲ್ಲಿ ಮಾಡಿದರು. ಬೋಯರ್ ಯುದ್ಧದಲ್ಲಿ ಬ್ರಿಟಿಷರು ಹಳಿಗುಂಟ, ಬಯಲಿಗುಂಟ ಸುಮಾರು 8,000 ಕಾವಲು ಕೊತ್ತಲ ಕಟ್ಟಿದರು. ಗೆದ್ದರು, ಆದರೆ ಹತ್ತಾರು ಸಾವಿರ ಸೈನಿಕರು ಆ ಪೆಟ್ಟಿಗೆಗಳಲ್ಲೇ ಕೂತರು.

ಸುತ್ತಲ ಹಳ್ಳಿಯವರ ಪಾತ್ರ ಏನು?

ಹೊಂಚು ಹಾಕುವುದು ಊರಿನವರಿಗೆ ಗೊತ್ತಾಗದೆ ನಡೆಯುವುದು ಅಪರೂಪ. ಯಾವಾಗಲೂ ಗಿಜಿಗುಡುವ ಚಹಾದಂಗಡಿ ಮುಚ್ಚಿದೆ, ಶಾಲೆಗೆ ಹೋಗುವ ಮಕ್ಕಳಿಲ್ಲ, ದನ ಕಾಯುವವರಿಲ್ಲ ಎಂದರೆ ಅದೇ ಎಚ್ಚರಿಕೆ. ಜನ ಬಾಯಿಬಿಟ್ಟು ಹೇಳಬೇಕಾದರೆ ಸೈನ್ಯ ಅವರೊಂದಿಗೆ ಹೇಗೆ ನಡೆದುಕೊಂಡಿದೆ ಎಂಬುದರ ಮೇಲೆ ಹೋಗುತ್ತದೆ. ದಾಳಿಯ ಸಿಟ್ಟಿಗೆ ಹತ್ತಿರದ ಊರನ್ನು ದಂಡಿಸಿದ ಸೇನೆಗಳು ಮುಂದಿನ ಸಲದ ಸುಳಿವನ್ನು ತಾವೇ ಕಳೆದುಕೊಂಡವು. ಕಾನ್ವಾಯ್ ಹೊಲ ತುಳಿದರೆ ಪರಿಹಾರ, ಕೋಳಿ ಸತ್ತರೆ ಅದರ ಹಣ: ಇವು ದಯೆಯ ಮಾತಲ್ಲ, ರಕ್ಷಣೆಯ ಖರ್ಚು.

ಆಂಬ್ಯುಲೆನ್ಸ್ ಮೇಲೆ ದಾಳಿ ಮಾಡಬಹುದೇ?

ಜಿನೀವಾ ಒಪ್ಪಂದದ ಪ್ರಕಾರ ಇಲ್ಲ. ಆದರೆ ರೆಡ್ ಕ್ರಾಸ್ ಗುರುತಿನ ಗಾಡಿಯಲ್ಲಿ ಮದ್ದುಗುಂಡು ಸಾಗಿಸಿದರೆ ಆ ರಕ್ಷಣೆ ಹೋಗುತ್ತದೆ. ಮದ್ದುಗುಂಡಿನ ಲಾರಿ, ಅದನ್ನು ಬಾಡಿಗೆ ಚಾಲಕ ಓಡಿಸುತ್ತಿದ್ದರೂ, ಸೈನಿಕ ಗುರಿಯೇ.

ಚಾಲಕನೊಬ್ಬ ಹೊರಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಟೈರು, ಎಣ್ಣೆ, ನೀರು, ಬ್ರೇಕು ಹೇಗೂ ಸರಿ. ಸೈನ್ಯದ ಚಾಲಕ ಇನ್ನೂ ಕೆಲವು ತಿಳಿದಿರಬೇಕು: ದಾರಿ, ಬದಲಿ ದಾರಿ, ಸಂಪರ್ಕ ತಪ್ಪಿದರೆ ಎಲ್ಲಿ ಸೇರುವುದು, ತನ್ನ ಮುಂದಿನ ಮತ್ತು ಹಿಂದಿನ ಗಾಡಿಯ ನಂಬರು. 2003ರ ಮಾರ್ಚ್ 23ರಂದು ಇರಾಕ್‌ನ ನಾಸಿರಿಯಾದಲ್ಲಿ ಅಮೆರಿಕದ ದುರಸ್ತಿ ಪಡೆಯೊಂದರ 18 ಗಾಡಿಗಳು ತಿರುವು ತಪ್ಪಿ ಊರೊಳಗೆ ಹೊಕ್ಕವು. 33 ಜನರಲ್ಲಿ 11 ಜನ ಸತ್ತರು. ಮರಳು ಹೊಕ್ಕ ಬಂದೂಕುಗಳು ಹಲವರ ಕೈಯಲ್ಲಿ ಸಿಕ್ಕಿಕೊಂಡವು. ನಾವು ಮೆಕ್ಯಾನಿಕ್, ನಾವು ಅಡುಗೆಯವರು, ಬಂದೂಕು ಒರೆಸುವುದು ನಮ್ಮ ಕೆಲಸವಲ್ಲ ಎಂಬ ಭಾವ ಕಾನ್ವಾಯ್‌ನಲ್ಲಿ ನಡೆಯುವುದಿಲ್ಲ.

ನಿಂತಾಗಲೂ ಒಂದು ಕ್ರಮ ಇದೆ. ಇಳಿಯುವ ಮೊದಲು ಕೂತಲ್ಲಿಂದಲೇ ಸುತ್ತ 5 ಮೀಟರ್ ನೆಲ ನೋಡುವುದು. ಇಳಿದ ಮೇಲೆ, ನಿಲುಗಡೆ ಉದ್ದವಾದರೆ, 25 ಮೀಟರ್‌ವರೆಗೆ ನಡೆದು ನೋಡುವುದು. ಎಂಜಿನ್ ಬಂದ್ ಮಾಡುವುದು, ಬಿಡುವುದು ಚಾಲಕನ ಇಷ್ಟವಲ್ಲ, ಆಜ್ಞೆ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಮಿಲಿಟರಿ ಗಾಡಿಗಳ ಸಾಲು ಸಿಕ್ಕರೆ ನಾವು ಏನು ಮಾಡಬೇಕು?

ನಮ್ಮ ಕಡೆ ಯುದ್ಧವಿಲ್ಲ, ಹೆದರುವಂಥದ್ದೂ ಇಲ್ಲ. ಎರಡು ಮಿಲಿಟರಿ ಗಾಡಿಗಳ ನಡುವಿನ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು, ಅದರೊಳಗೆ ತೂರಿಕೊಂಡು ಅಲ್ಲೇ ಓಡಿಸಬೇಡಿ. ಓವರ್‌ಟೇಕ್ ಮಾಡುವುದಾದರೆ ಮುಂದೆ ರಸ್ತೆ ಪೂರ್ತಿ ಕಾಣುವಾಗ ಮಾಡಿ. ಹಿಂಬದಿಯ ಜವಾನ ಕೈ ತೋರಿಸಿ ತಡೆದರೆ ಕಾಯಿರಿ. ಗಾಡಿ ಎಣಿಸಿ, ನಂಬರು ಪ್ಲೇಟಿನ ಫೋಟೊ ತೆಗೆದು, ಯಾವ ಊರು ದಾಟಿತೆಂದು ಆ ಕ್ಷಣಕ್ಕೇ ಸ್ಟೇಟಸ್ ಹಾಕುವ ಚಟ ಬಿಡಿ. ಅವೇ ಗಾಡಿಗಳು, ಅವೇ ಚಾಲಕರು ಮುಂದಿನ ತಿಂಗಳು ಬೇರೆ ಕಡೆ ಇರಬಹುದು.